ಬ್ಯಾಕಿಂಗ್ ಮಳೆ

ಕುಂಞಿರಾಮನ್ ರೈಟರು ನನಗೆ ಒಪ್ಪಿಸಿ ಹೋದದ್ದು
ಹನ್ನೊಂದು ರಟ್ಟಿನ ಪುಸ್ತಕ.
ಐವತ್ತೊಂದನೇ ಇಸವಿಯಿಂದ ದಿನಕ್ಕೊಂದು ಸಾಲು:
ಬೆಳಿಗ್ಗೆ ಎಂಟೂವರೆ, ಇಷ್ಟು ಇಂಚು, ಇಷ್ಟು ಸೆಂಟು.
ಮಳೆ ಬಾರದ ದಿನ ಸೊನ್ನೆ.
ಸೊನ್ನೆಯನ್ನೂ ಅವರು ಅವಸರದಲ್ಲಿ ಬರೆದವರಲ್ಲ.

ಎರಡು ಮಳೆಗಾಲ ಕೂತು ಅಷ್ಟನ್ನೂ ಕಂಪ್ಯೂಟರಿಗೆ ಹೊಡೆದೆ,
ಇಪ್ಪತ್ತಾರು ಸಾವಿರ ಸಾಲು.
ಮುಗಿಸಿ ನೋಡಿದರೆ ಎಪ್ಪತ್ತೆರಡು ವರ್ಷದ ಮಳೆ
ದೇಚಮ್ಮನವರ ನಾಯಿಯ ಒಂದು ಫೋಟೋಗಿಂತ ಹಗುರ.

"ಒಂದು ಕಾಪಿ ತೆಗೆದಿಡಿ ರೈಟರಮ್ಮ."
ಎಲ್ಲಿ ಇಡಲಿ?
"ಎಲ್ಲಾದರೂ. ಗೆದ್ದಲು ಹೋಗದ ಕಡೆ."

ಸುಂಟಿಕೊಪ್ಪದ ಉನೈಸನ ಅಂಗಡಿಯಲ್ಲಿ ಪೆನ್‌ಡ್ರೈವುಗಳು
ಶಾಂಪೂ ಪೊಟ್ಟಣಗಳ ಹಾಗೆ ತೂಗುತ್ತವೆ.
"ಲಕ್ಷ ವರ್ಷದ ಮಳೆ ಹಿಡಿಸುತ್ತೆ ಮ್ಯಾಡಂ, ಮುನ್ನೂರೈವತ್ತೇ."
ಜೇಬಿನಲ್ಲಿ ಹೋಗುತ್ತೆ, ನಿಜ.
ಜೇಬಿನಲ್ಲಿ ಹೋಗುವುದು ಜೇಬಿನಿಂದಲೂ ಹೋಗುತ್ತೆ:
ಹೋದ ವರ್ಷದ ಕೂಲಿ ಲೆಕ್ಕ ನನ್ನ ಚೂಡಿದಾರದ ಜೊತೆ
ವಾಷಿಂಗ್ ಮೆಷಿನ್ನಿನಲ್ಲಿ ನಲವತ್ತು ನಿಮಿಷ ತಿರುಗಿತ್ತು.

ಸುಮ್ಮನೆ ಇಟ್ಟರೆ ಎಷ್ಟು ಕಾಲ ನೆನಪಿರುತ್ತೆ ಇದಕ್ಕೆ?
ಉನೈಸ್ ತಲೆ ಕೆರೆದ. "ಆಗಾಗ ಚುಚ್ಚಿ ಮಾತಾಡಿಸ್ತಾ ಇರಬೇಕು.
ಹತ್ತು ವರ್ಷ ಡ್ರಾವರಿನಲ್ಲಿ ಬಿಟ್ಟರೆ ಗ್ಯಾರಂಟಿ ನಾನು ಕೊಡಲ್ಲ."

ಹಿಂದೆ ಡೀವೀಡಿ ಮಾಡಿಸಿಟ್ಟಿದ್ದೆ, ಮೊದಲ ಮೂರು ಪುಸ್ತಕದ್ದು.
ತೆಗೆದು ನೋಡಿದರೆ ಅದರ ಮೇಲೆ,
ಸಿಲ್ವರ್ ಓಕಿನ ತೊಗಟೆಯ ಮೇಲಿನ ಹಾಗೆ,
ಬೂಷ್ಟು ಬರೆದುಕೊಂಡ ಯಾವುದೋ ದೇಶದ ಭೂಪಟ.
ಹಾರ್ಡ್ ಡಿಸ್ಕು ಒಂದಿತ್ತು. ಏಪ್ರಿಲ್ ಸಿಡಿಲಿನ ನಂತರ
ಹಲ್ಲಿಯ ಹಾಗೆ ಲೊಚಗುಟ್ಟುತ್ತೆ, ಬೇರೇನೂ ಹೇಳುವುದಿಲ್ಲ.

"ಹಾಗಾದ್ರೆ ಕ್ಲೌಡಿಗೆ ಹಾಕಿ."
ಹಿಡಿದು, ಅಳೆದು, ಬರೆದಿಟ್ಟ ಮಳೆಯನ್ನು
ವಾಪಸು ಮೋಡಕ್ಕಾ!
ಇಬ್ಬರೂ ನಕ್ಕೆವು. ನಗು ನಿಂತ ಮೇಲೆ ಅವನೇ ಹೇಳಿದ,
ಜುಲೈಯಲ್ಲಿ ಟವರಿನ ಡೀಸೆಲ್ ಮುಗಿದರೆ
ಮೋಡಕ್ಕೆ ಹೋಗುವ ದಾರಿಯೂ ಮುಗಿಯಿತು ಅಂತ.

ಒಂದನ್ನು ಉನೈಸನಿಗೆ ಹೇಳಲಿಲ್ಲ.
ಹದಿನೆಂಟರ ಆಗಸ್ಟಿನ ಒಂದು ದಿನ ಪುಸ್ತಕದಲ್ಲಿ ಅಂಕಿಯೇ ಇಲ್ಲ.
ಪೆನ್ಸಿಲಿನಲ್ಲಿ, ಓರೆಯಾಗಿ:
ಮಾಪಕ ತುಂಬಿ ಹರಿದಿದೆ. ಕೆಳಗಿನ ಲೈನಿನವರೆಲ್ಲ ಸ್ಟೋರಿನಲ್ಲಿ ಇದ್ದಾರೆ.
ಎಣಿಸಿದೆ, ಎಲ್ಲರೂ ಇದ್ದಾರೆ.
ಅಂಕಿಯ ಕಲಮ್ಮಿನಲ್ಲಿ ಅದನ್ನೇ ಹೊಡೆದೆ; ವರ್ಷದ ಮೊತ್ತ ಕೆಟ್ಟಿತು.
ಅಳಿಸಿ ಖಾಲಿ ಬಿಟ್ಟೆ; ಮೊತ್ತ ಸರಿಯಾಯಿತು.
ಸರಿಯಾದದ್ದೇ ಆ ರಾತ್ರಿ ನಿದ್ದೆ ಕೊಡಲಿಲ್ಲ.

ಮಾರ್ಚಿನ ಹೂಮಳೆ ಒಂದೇ ಸಾಲದು, ತೋಟದ ಮಕ್ಕಳಿಗೂ ಗೊತ್ತು.
ಗುಡ್ಡವೆಲ್ಲ ಬೆಳ್ಳಗಾಗಿ, ಘಮಘಮಿಸಿ, ಕಂದಿಹೋಗುತ್ತೆ.
ಮೂರು ವಾರದೊಳಗೆ ಇನ್ನೊಂದು ಬೀಳಬೇಕು, ಬ್ಯಾಕಿಂಗ್ ಮಳೆ.
ಆಗ ಕಾಯಿ ನಿಲ್ಲುತ್ತೆ.

ಎರಡು ಕೊಂಡೆ. ಬೇರೆ ಬೇರೆ ಕಂಪನಿಯದು.
ಆ ಪೆನ್ಸಿಲಿನ ಪುಟದ ಫೋಟೋವನ್ನೂ ಎರಡಕ್ಕೂ ಹಾಕಿದೆ,
ಮಳೆ ಅಷ್ಟಕ್ಕಿಂತ ಆ ಒಂದು ಪುಟವೇ ಭಾರ ತೂಗಿತು.
ಒಂದು ಇಲ್ಲೇ, ಹುರಿದ ಅಕ್ಕಿ ತುಂಬಿದ ಹಾರ್ಲಿಕ್ಸ್ ಬಾಟಲಿಯಲ್ಲಿ.
ಇನ್ನೊಂದು ಕೊರಿಯರಿನಲ್ಲಿ ತಂಗಿಗೆ;
ಅವಳು ಚಳ್ಳಕೆರೆಯ ಆಸ್ಪತ್ರೆಯಲ್ಲಿ ನರ್ಸು.
ಪುಸ್ತಕಗಳನ್ನು ಸುಡಬಹುದು ಅಂದರು ಯಾರೋ. ಕೇಳಿಸದವಳ ಹಾಗೆ ಎದ್ದು
ಬೇವಿನೆಲೆ ಬದಲಾಯಿಸಿದೆ.

ಗುರುವಾರ ಐರಿನ್ ಫೋನು. "ಕವರು ಬಂತಕ್ಕ. ಏನಿದೆ ಇದರಲ್ಲಿ?"
ಮಳೆ, ಎಂದೆ. ವರ್ಷಕ್ಕೊಮ್ಮೆ ಚುಚ್ಚಿ ನೋಡು, ಸಾಕು.
ಆ ಕಡೆ ಸ್ವಲ್ಪ ಹೊತ್ತು ಫ್ಯಾನಿನ ಸದ್ದು.
"ಬೀರುವಿನಲ್ಲಿ ಇಡ್ತೀನಿ.
ಇಲ್ಲಿ ನೆನೆಯಲ್ಲ ಬಿಡು."